ಅಕ್ವೇರಿಯಂ ಫಿಟಿಂಗ್ ಸೋರುತ್ತಿದೆಯೇ? ಟೇಪ್, ವಾಷರ್, ಸಿಲಿಕೋನ್: ಯಾವುದು ಎಲ್ಲಿಗೆ

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಮೂರು ಅಡಿ ಉದ್ದದ ಅಕ್ವೇರಿಯಂ ಇದೆ. ಹಿಂದಿನ ಗಾಜಿಗೆ ಎರಡು ತೂತು, ಎರಡಕ್ಕೂ ಟ್ಯಾಂಕ್ ನಿಪ್ಪಲ್ (ತೂತಿನಲ್ಲಿ ಕೂತು ಪೈಪಿಗೆ ದಾರಿ ಕೊಡುವ ಫಿಟಿಂಗ್), ಅಲ್ಲಿಂದ ಪಿವಿಸಿ ಪೈಪಿನಲ್ಲಿ ನೀರು ಕೆಳಗಿನ ಫಿಲ್ಟರ್ ತೊಟ್ಟಿಗೆ ಇಳಿದು, ಮೋಟರಿನಿಂದ ಮತ್ತೆ ಮೇಲೇರುತ್ತದೆ. ಇಂಥ ವ್ಯವಸ್ಥೆ ಇಟ್ಟುಕೊಂಡ ಗೆಳೆಯರು, ಬಂಧುಗಳು ಫೋನು ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಫಿಟಿಂಗ್ ಹನಿಯುತ್ತಿದೆ, ಟೇಪ್ ಸುತ್ತಬೇಕೋ, ಸಿಲಿಕೋನ್ ಹಚ್ಚಬೇಕೋ, ಎಂ-ಸೀಲ್ ಎನ್ನುವ ಎಪಾಕ್ಸಿ ಪುಟ್ಟಿ ಮೆತ್ತಬೇಕೋ? ಪ್ಲಂಬಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಮೂರನ್ನೂ ಕಟ್ಟಿಕೊಡುತ್ತಾರೆ. ಆದರೆ ಮೂರೂ ಬೇರೆ ಬೇರೆ ಕೆಲಸಕ್ಕೆ ಇರುವಂಥವು. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ಹನಿ ಎರಡು ದಿನ ನಿಂತಂತೆ ಕಂಡು, ಮೂರನೆಯ ದಿನ ಬೇರೆ ಮಗ್ಗುಲಿನಿಂದ ಬರುತ್ತದೆ.

ನನಗೂ ಹಾಗೆಯೇ ಆಯಿತು. ರಾತ್ರಿ ಹತ್ತರ ಹೊತ್ತಿಗೆ ಟೇಬಲ್ಲಿನ ಕೆಳಗೆ ಟಪ್ ಟಪ್ ಸದ್ದು ಕೇಳಿಸಿತು. ಟಾರ್ಚ್ ಹಿಡಿದು ನೋಡಿದರೆ ನಿಪ್ಪಲ್ಲಿನ ನಟ್ಟಿನ ಕೆಳತುದಿಯಲ್ಲಿ ಒಂದು ಹನಿ ದುಂಡಗಾಗಿ ತುಂಬಿಕೊಂಡು, ಸ್ವಲ್ಪ ಹೊತ್ತು ನಡುಗಿ, ಬೀಳುತ್ತಿತ್ತು. ಅದರ ಹಿಂದೆಯೇ ಮುಂದಿನ ಹನಿ. ಮನೆಯಲ್ಲಿದ್ದ ಎಪಾಕ್ಸಿ ಪುಟ್ಟಿಯನ್ನು ನಾದಿ ನಟ್ಟಿನ ಸುತ್ತ ಹೊರಗಿನಿಂದ ಮೆತ್ತಿದೆ. ನಾಲ್ಕನೆಯ ದಿನ ಪುಟ್ಟಿಗೂ ಗಾಜಿಗೂ ನಡುವೆ ನೀರು ದಾರಿ ಮಾಡಿಕೊಂಡಿತ್ತು. ಹನಿ ಹಿಂದಿನಿಂದ ಇಳಿಯುತ್ತಿದ್ದುದರಿಂದ ಕಣ್ಣಿಗೆ ಬೀಳಲಿಲ್ಲ. ಗೊತ್ತಾಗುವಷ್ಟರಲ್ಲಿ ಟೇಬಲ್ಲಿನ ಪ್ಲೈವುಡ್ ಉಬ್ಬಿತ್ತು. ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ನೀರು ಒತ್ತುವುದು ಒಳಗಿನಿಂದ. ಒಳಮಗ್ಗುಲಲ್ಲಿ ಕೂರಿಸಿದ ತಡೆಯನ್ನು ಆ ಒತ್ತಡ ಗಾಜಿಗೆ ಇನ್ನಷ್ಟು ಅಂಟಿಸುತ್ತದೆ, ಹೊರಗೆ ಮೆತ್ತಿದ್ದನ್ನು ಅದೇ ಒತ್ತಡ ಕಿತ್ತುಹಾಕುತ್ತದೆ.

ಆಯ್ಕೆಗೆ ಮುಂಚೆ ತೂಗಬೇಕಾದದ್ದು

ಎಲ್ಲಕ್ಕಿಂತ ಮೊದಲು, ನೀರು ಯಾವ ಕೂಡಿಕೆಯಿಂದ ಬರುತ್ತಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಅಕ್ವೇರಿಯಂನ ಪೈಪು, ಫಿಟಿಂಗುಗಳಲ್ಲಿ ನೀರನ್ನು ತಡೆಯುವ ಕೂಡಿಕೆಗಳು ನಾಲ್ಕು ಬಗೆ. ಗಾಜಿನ ತೂತಿನಲ್ಲಿ ರಬ್ಬರ್ ವಾಷರ್ ಒತ್ತಿಕೊಂಡು ತಡೆಯುತ್ತದೆ. ನಿಪ್ಪಲ್ಲಿಗೆ ಎಲ್ಬೋ (ಬಾಗಿದ ಪೈಪಿನ ತುಂಡು) ಅಥವಾ ವಾಲ್ವ್ ತಿರುಗಿಸಿ ಕೂಡಿಸಿದಲ್ಲಿ ಥ್ರೆಡ್, ಅಂದರೆ ತಿರುಪಿನ ಗೆರೆ, ತಡೆಯುತ್ತದೆ. ಪೈಪು ಪೈಪು ಸೇರುವಲ್ಲಿ ಸಲ್ಯೂಷನ್ (ಪಿವಿಸಿ ಪೈಪಿನ ಅಂಟು) ಎರಡನ್ನೂ ಒಂದಾಗಿ ಬೆಸೆದಿರುತ್ತದೆ. ಮೋಟರಿನ ಹೋಸ್ ಇರುವಲ್ಲಿ ಕ್ಲಿಪ್ಪಿನ ಹಿಡಿತ ತಡೆಯುತ್ತದೆ. ಹನಿ ಬೀಳುವ ಜಾಗವೇ ಸೋರುವ ಜಾಗ ಎಂದುಕೊಳ್ಳಬೇಡಿ. ನೀರು ಮೇಲೆ ಹೊರಟು, ಪೈಪಿನ ಮೈಮೇಲೆ ಹರಿದು, ಎಲ್ಲಿ ತಗ್ಗು ಸಿಗುತ್ತದೆಯೋ ಅಲ್ಲಿ ಬೀಳುತ್ತದೆ. ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಒಂದೊಂದು ಕೂಡಿಕೆಗೂ ದಿನಪತ್ರಿಕೆಯ ಪಟ್ಟಿ ಸುತ್ತಿ ಹತ್ತು ನಿಮಿಷ ಕಾಯಿರಿ. ಒದ್ದೆಯಾದ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ ಅದೇ ಕಳ್ಳ. ಹೊರಮೈಗೆ ಮುಖದ ಪೌಡರ್ ಉದುರಿಸಿದರೂ ನೀರು ಹರಿದ ಗೆರೆ ಎದ್ದು ಕಾಣುತ್ತದೆ. ಗದಗ, ರೋಣ, ಮುಂಡರಗಿಯ ಕಡೆ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಇದು ಇನ್ನೂ ಸುಲಭ. ಗಡಸು ನೀರು ಒಣಗಿದಲ್ಲೆಲ್ಲ ಬಿಳಿಯ ಉಪ್ಪು ಕಟ್ಟಿರುತ್ತದೆ, ಆ ಬಿಳಿ ಕಟ್ಟು ಶುರುವಾಗುವ ಮೇಲ್ತುದಿಯನ್ನು ನೋಡಿದರೆ ಸಾಕು.

ಎರಡನೆಯದು, ಸೋರಿಕೆ ಎಷ್ಟು. ಹನಿಯ ಕೆಳಗೆ ಒಂದು ಲೋಟ ಇಟ್ಟು ಗಂಟೆಯ ನಂತರ ಅಳೆಯಿರಿ. ಸೆಕೆಂಡಿಗೊಂದು ಹನಿ ಎಂದರೆ ಗಂಟೆಗೆ ಸುಮಾರು 180 ಮಿಲಿ, ದಿನಕ್ಕೆ ನಾಲ್ಕು ಲೀಟರಿಗೂ ಮೇಲೆ. ನಿಮಿಷಕ್ಕೊಂದೆರಡು ಹನಿಯಾದರೆ ಬಕೆಟ್ ಇಟ್ಟು ಎರಡು ದಿನ ಯೋಚಿಸಬಹುದು. ಎಳೆಯಾಗಿ ಹರಿಯುತ್ತಿದ್ದರೆ ಅಂದೇ ಕೈಹಾಕಬೇಕು. ಫಿಟಿಂಗಿನ ಕೆಳಗೆ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರಂತೂ ಒಂದು ಹನಿಯೂ ತಡೆಯುವಂಥದ್ದಲ್ಲ. ಮೇನ್ ಸ್ವಿಚ್ ಆರಿಸಿ ಬೋರ್ಡನ್ನು ಅಲ್ಲಿಂದ ತೆಗೆದ ಮೇಲೆಯೇ ಉಳಿದ ಮಾತು.

ಮೂರನೆಯದು ನಮ್ಮ ಊರುಗಳಿಗೇ ಸೇರಿದ ಅಳತೆ: ನಳ ಯಾವಾಗ ಬರುತ್ತದೆ? ಹುಬ್ಬಳ್ಳಿ-ಧಾರವಾಡದಲ್ಲಿ ದಿನದ 24 ಗಂಟೆ ನೀರು ಬರುವ ವಾರ್ಡುಗಳೂ ಇವೆ, ಮಲಪ್ರಭೆಯ ನೀರಿಗಾಗಿ ದಿನಗಟ್ಟಲೆ ಕಾಯುವ ಓಣಿಗಳೂ ಇವೆ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಅಕ್ವೇರಿಯಂ ಕಂಠಮಟ್ಟ ತುಂಬಿದರೆ ಸುಮಾರು 125 ಲೀಟರ್ ಹಿಡಿಯುತ್ತದೆ. ಅದನ್ನು ಖಾಲಿ ಮಾಡಿಸುವ ರಿಪೇರಿಯನ್ನು ನಳ ಬಂದು ಹೋದ ಮರುದಿನ ಶುರು ಮಾಡುವುದಕ್ಕೂ, ಮನೆಯ ಸಂಪು ತಳ ಕಂಡ ದಿನ ಶುರು ಮಾಡುವುದಕ್ಕೂ ಬಹಳ ಅಂತರವಿದೆ. ನಳದ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ನೇರವಾಗಿ ಮೀನಿಗೆ ಹಾಕುವಂತೆಯೂ ಇಲ್ಲ. ಹಾಗಾಗಿ ಎಷ್ಟು ನೀರು ಇಳಿಸಬೇಕು ಎಂಬುದು ಆಯ್ಕೆಯ ಅರ್ಧ ಭಾಗ. ತೂತು ಮೇಲ್ಗಡೆ ಇದ್ದರೆ ನಾಲ್ಕು ಬೆರಳಷ್ಟು ನೀರು ಇಳಿಸಿದರೆ ಮುಗಿಯಿತು, ತಳಕ್ಕೆ ಹತ್ತಿರವಿದ್ದರೆ ಮೀನುಗಳಿಗೆ ಬೇರೆ ಮನೆ ಮಾಡಬೇಕು.

ನಾಲ್ಕನೆಯದು, ಮುಂದೆ ಬಿಚ್ಚಲು ಬರುತ್ತದೆಯೇ ಎಂಬುದು. ಐದನೆಯದು, ಬಳಸುವ ವಸ್ತು ಮೀನಿಗೆ ವಿಷವಾಗಬಾರದು. ದುಡ್ಡನ್ನು ಕೊನೆಗೆ ಇಟ್ಟಿದ್ದೇನೆ. ಟೇಪ್ ಹತ್ತಿಪ್ಪತ್ತು ರೂಪಾಯಿಯದು, ವಾಷರ್, ನಿಪ್ಪಲ್ಲು, ಸಲ್ಯೂಷನ್ ನೂರರ ಆಸುಪಾಸಿನವು, ಸಿಲಿಕೋನ್ ಟ್ಯೂಬು ಕೆಲವು ನೂರು. ತಪ್ಪು ರಿಪೇರಿಯಿಂದ ಕೆಡುವ ಟೇಬಲ್ಲು, ಸಾಯುವ ಮೀನು ಇದಕ್ಕಿಂತ ತುಟ್ಟಿ.

ಬಿಗಿ ಮಾಡುವ ಮುನ್ನ

ಸೋರಿತು ಎಂದಕೂಡಲೇ ಪಾನಾ ಹಿಡಿದು ನಟ್ಟು ತಿರುವುವುದು ಎಲ್ಲರ ಮೊದಲ ಕೆಲಸ. ದಯವಿಟ್ಟು ಬೇಡ. ಒಂದೂವರೆ ಅಡಿ ಆಳದ ನೀರಿನ ಒತ್ತಡ ಬಹಳ ಕಡಿಮೆ. 30 ಅಡಿ ಎತ್ತರದ ಟ್ಯಾಂಕಿನಿಂದ ಇಳಿದ ನೀರು ಮನೆಯ ನಲ್ಲಿಯ ಮೇಲೆ ಹಾಕುವ ಒತ್ತಡ ಇದರ ಇಪ್ಪತ್ತು ಪಟ್ಟು. ಇಷ್ಟು ಕಡಿಮೆ ಒತ್ತಡಕ್ಕೂ ಫಿಟಿಂಗ್ ಸೋರುತ್ತಿದೆ ಎಂದರೆ ಬಿಗಿ ಸಾಲದು ಎಂಬುದಕ್ಕಿಂತ ವಾಷರ್ ಮಡಚಿಕೊಂಡಿದೆ, ಕಸ ಸಿಕ್ಕಿದೆ, ಇಲ್ಲವೇ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ ಎಂದೇ ಹೆಚ್ಚಿನ ಸಲ ಅರ್ಥ. ಬಲ ಹಾಕಿದರೆ ತೂತಿನ ಅಂಚಿನಿಂದ ಗಾಜು ಸೀಳುತ್ತದೆ, ಆಗ ರಿಪೇರಿಗೆ ಏನೂ ಉಳಿಯುವುದಿಲ್ಲ. ಕೈಯಿಂದ ಬಿಗಿಯಾಗುವಷ್ಟು ತಿರುಗಿಸಿ, ಆಮೇಲೆ ಕಾಲು ಸುತ್ತು. ಅದೇ ಮಿತಿ.

ವಾಷರ್ ಅಥವಾ ಇಡೀ ನಿಪ್ಪಲ್ ಬದಲಿಸುವುದು

ಗಾಜಿನ ತೂತಿನ ಬಳಿ ಸೋರುತ್ತಿದ್ದರೆ ಸರಿಯಾದ ದಾರಿ ಇದೊಂದೇ. ಇದನ್ನು ತಿಳಿಯಲು ನಿಪ್ಪಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಒಂದು ತುದಿಗೆ ಅಗಲವಾದ ತಟ್ಟೆ, ಮೈತುಂಬ ಥ್ರೆಡ್, ಇನ್ನೊಂದು ಕಡೆಯಿಂದ ನಟ್ಟು. ತಟ್ಟೆ ನೀರಿನ ಒಳಗಿರಬೇಕು, ತಟ್ಟೆಗೂ ಗಾಜಿಗೂ ನಡುವೆ ರಬ್ಬರ್ ವಾಷರ್, ಹೊರಗೆ ನಟ್ಟು. ವಾಷರನ್ನು ಹೊರಗೆ, ನಟ್ಟಿನ ಕೆಳಗೆ ಮಾತ್ರ ಹಾಕಿದರೆ ನೀರು ತೂತಿನೊಳಕ್ಕೆ ಬಂದು, ನಟ್ಟಿನ ಥ್ರೆಡ್ಡನ್ನೇ ಸುರುಳಿ ಸುತ್ತಿಕೊಂಡು ಹೊರಬೀಳುತ್ತದೆ. ಮನೆಯ ಮೇಲಿನ ಟ್ಯಾಂಕಿಗೆ ಫಿಟಿಂಗ್ ಕೂರಿಸಿ ರೂಢಿಯಿರುವ ಪ್ಲಂಬರುಗಳು ಇಲ್ಲಿ ನಟ್ಟಿನ ಥ್ರೆಡ್ಡಿಗೆ ಟೇಪ್ ಸುತ್ತಿಕೊಡುವುದನ್ನು ಕಂಡಿದ್ದೇನೆ. ಆ ಥ್ರೆಡ್ ಇರುವುದು ವಾಷರನ್ನು ಒತ್ತಿ ಹಿಡಿಯಲು, ನೀರು ತಡೆಯಲು ಅಲ್ಲ. ಅಲ್ಲಿ ಟೇಪಿನಿಂದ ಲಾಭವಿಲ್ಲ.

ನೀರನ್ನು ತೂತಿಗಿಂತ ಕೆಳಗಿಳಿಸಿ, ನಟ್ಟು ಬಿಚ್ಚಿ, ಹಳೆಯ ವಾಷರನ್ನು ಬೆಳಕಿಗೆ ಹಿಡಿಯಿರಿ. ಗಟ್ಟಿಯಾಗಿ ಚಪ್ಪಟೆಯಾಗಿದ್ದರೆ, ಬೆರಳಲ್ಲಿ ಮಡಚಿದಾಗ ಸಣ್ಣ ಸಣ್ಣ ಸೀಳು ಕಂಡರೆ, ಅದರ ಆಯುಸ್ಸು ಮುಗಿದಿದೆ. ವಾಷರ್ ಇನ್ನೂ ಮೆತ್ತಗಿದ್ದರೆ ತಪ್ಪು ಬೇರೆ ಕಡೆ ಇದೆ. ತಟ್ಟೆಯ ಅಡಿ, ಗಾಜಿನ ಅಂಚು ಎರಡರ ಮೇಲೂ ಬೆರಳಾಡಿಸಿ. ಸಾಸಿವೆಗಿಂತ ಚಿಕ್ಕ ಮರಳಿನ ಕಣ ಸಾಕು ಸೋರಲು. ಉಪ್ಪು ಕಟ್ಟಿದ್ದರೆ ವಿನೆಗರಿನಲ್ಲೋ ನಿಂಬೆ ರಸದಲ್ಲೋ ನೆನೆಸಿ ಉಜ್ಜಿ ತೊಳೆದರೆ ಬಿಡುತ್ತದೆ. ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿಕೊಳ್ಳುವುದು ನಮ್ಮ ಕಡೆ ರೂಢಿ. ತೆಳ್ಳಗಿರುವುದರಿಂದ ತಟ್ಟೆ ತಿರುಗುವಾಗ ಅದು ಮಡಚಿಕೊಳ್ಳುತ್ತದೆ, ಹೊಸ ವಾಷರ್ ಸಿಗುವ ತನಕ ಕಾಯಲು ಸಾಕಾದೀತು, ಅಷ್ಟೇ. ನಟ್ಟು ತಿರುವುವಾಗ ಒಳಗಿನ ತಟ್ಟೆಯನ್ನು ಒಬ್ಬರು ಹಿಡಿದುಕೊಂಡರೆ ವಾಷರ್ ಜರುಗುವುದಿಲ್ಲ.

ಹೊಸ ನಿಪ್ಪಲ್ ಕೊಳ್ಳುವಾಗ ಹಿತ್ತಾಳೆಯದನ್ನು ಕೊಟ್ಟರೆ ಬೇಡವೆನ್ನಿ. ಹಿತ್ತಾಳೆಯಲ್ಲಿ ತಾಮ್ರವಿದೆ, ಅದು ನೀರಿಗಿಳಿದರೆ ಸಿಗಡಿ, ಶಂಖದ ಹುಳುಗಳಿಗೆ ಮಾರಕ. ಪ್ಲಾಸ್ಟಿಕ್ಕಿನದೇ ಸರಿ.

ಈ ದಾರಿಯ ಕಷ್ಟ ನೀರು ಇಳಿಸುವುದೊಂದೇ. ಖರ್ಚು ಕಡಿಮೆ, ಕಾಯುವುದು ಬೇಕಿಲ್ಲ, ಕೂರಿಸಿದ ಅರ್ಧ ಗಂಟೆಗೇ ನೀರು ತುಂಬಬಹುದು, ನಾಳೆ ಬೇಕಾದರೆ ಮತ್ತೆ ಬಿಚ್ಚಬಹುದು. ನನ್ನ ಮನೆಯ ಸೋರಿಕೆ ಕೊನೆಗೆ ನಿಂತಿದ್ದು ಹೊಸ ವಾಷರಿನಿಂದಲೇ. ಎಪಾಕ್ಸಿ ಮೆತ್ತಿದ್ದ ಹಳೆಯ ನಟ್ಟನ್ನು ಮಾತ್ರ ಗರಗಸದಿಂದ ಕೊಯ್ಯಬೇಕಾಯಿತು, ಗಾಜಿಗೆ ತಾಗದಂತೆ ಕೊಯ್ಯಲು ಒಂದು ಮಧ್ಯಾಹ್ನ ಹಿಡಿಯಿತು.

ಥ್ರೆಡ್ ಟೇಪ್

ನಿಪ್ಪಲ್ಲಿನ ಬಾಯಿಗೆ ಎಲ್ಬೋ, ವಾಲ್ವ್, ಅಡಾಪ್ಟರ್ ತಿರುಗಿಸಿದ ಜಾಗದಲ್ಲಿ ಸೋರುತ್ತಿದ್ದರೆ ಟೇಪ್. ಅಲ್ಲಿ ಥ್ರೆಡ್ಡೇ ನೀರು ತಡೆಯಬೇಕಾದದ್ದು, ಎರಡು ಥ್ರೆಡ್ಡುಗಳ ನಡುವಿನ ಸಂದನ್ನು ಟೇಪ್ ತುಂಬುತ್ತದೆ. ಬಿಗಿಯಾಗಿರುವುದರ ಹೊರಗೆ ಸುತ್ತಿದರೆ ಪ್ರಯೋಜನವಿಲ್ಲ. ಬಿಚ್ಚಿ, ಹಳೆಯ ಟೇಪಿನ ಎಳೆಗಳನ್ನು ಪೂರ್ತಿ ತೆಗೆದು, ಥ್ರೆಡ್ಡಿನ ತುದಿ ನಿಮ್ಮ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಳೆದು ಎಳೆದು ನಾಲ್ಕೈದು ಸುತ್ತು ಸುತ್ತಬೇಕು. ದಿಕ್ಕು ತಪ್ಪಿದರೆ ತಿರುಗಿಸುವಾಗ ಟೇಪ್ ಮುದ್ದೆಯಾಗಿ ಹೊರಬರುತ್ತದೆ. ಹದಿನೈದು ಸುತ್ತು ಸುತ್ತಿ ದಪ್ಪ ಮಾಡಿದರೆ ಹೊರಗಿನ ಪ್ಲಾಸ್ಟಿಕ್ ಫಿಟಿಂಗ್ ಸೀಳುತ್ತದೆ. ಎಲ್ಬೋದ ಮುಖ ಸರಿಯಾದ ಕಡೆಗೆ ನಿಲ್ಲಲಿಲ್ಲವೆಂದು ಹಿಂದಕ್ಕೆ ತಿರುಗಿಸಿದರೆ ಆ ಟೇಪ್ ಕೆಟ್ಟಂತೆಯೇ, ಬಿಚ್ಚಿ ಹೊಸದಾಗಿ ಸುತ್ತಿ.

ನೀರಿಗೆ, ಮೀನಿಗೆ ಇದರಿಂದ ಏನೂ ತೊಂದರೆಯಿಲ್ಲ. ಆ ಕೂಡಿಕೆಗಿಂತ ಮೊದಲು ವಾಲ್ವ್ ಇದ್ದರೆ ಅದನ್ನು ಮುಚ್ಚಿ, ಅಕ್ವೇರಿಯಂನ ನೀರು ಒಂದು ಲೋಟವೂ ಖರ್ಚಾಗದಂತೆ ಕೆಲಸ ಮುಗಿಸಬಹುದು. ಎಲ್ಲಕ್ಕಿಂತ ಅಗ್ಗದ ಆಯ್ಕೆ, ಸರಿಯಾದ ಜಾಗದಲ್ಲಿ ಬಳಸಿದರೆ.

ಸಿಲಿಕೋನ್

ಇದನ್ನು ಬಹಳ ಜನ ಸರ್ವರೋಗಕ್ಕೂ ಮದ್ದೆಂದು ನಂಬಿದ್ದಾರೆ. ಗಾಜಿಗೆ ಗಾಜು ಅಂಟಿಸಲು ಇದಕ್ಕೆ ಸಮ ಇನ್ನೊಂದಿಲ್ಲ, ಅಕ್ವೇರಿಯಂ ನಿಂತಿರುವುದೇ ಇದರ ಮೇಲೆ. ಆದರೆ ಪಿವಿಸಿಗೆ ಇದರ ಹಿಡಿತ ಸಡಿಲ. ಒಣಗಿದ ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಕೂರುವುದೂ ಇಲ್ಲ. ಥ್ರೆಡ್ಡಿಗೆ, ನಟ್ಟಿನ ಹೊರಗೆ ಹಚ್ಚುವುದರಿಂದ ಉಪಯೋಗವಿಲ್ಲ. ತೂತು ಕೊರೆಯುವಾಗ ಗಾಜಿನ ಅಂಚು ಚಕ್ಕೆ ಎದ್ದು ವಾಷರ್ ಸಮವಾಗಿ ಕೂರದಿದ್ದರೆ ಮಾತ್ರ ಒಳಗಿನ ತಟ್ಟೆಯ ಕೆಳಗೆ ಸಿಲಿಕೋನ್ ಹಾಕಿ ಕೂರಿಸುವುದು ಅರ್ಥವುಳ್ಳ ಕೆಲಸ.

ಕೊಳ್ಳುವಾಗ ಟ್ಯೂಬಿನ ಮೇಲಿನ ಬರಹ ಓದಿ. ಬಾತ್‌ರೂಮಿಗೆಂದು ಮಾರುವ, ಬೂಷ್ಟು ಹಿಡಿಯದಂತೆ ಔಷಧ ಬೆರೆಸಿದ ಸಿಲಿಕೋನ್ ಮೀನಿಗೆ ವಿಷ. ಅಕ್ವೇರಿಯಂಗೆ ಎಂದು ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ. ಹಚ್ಚುವ ಜಾಗ ಪೂರ್ತಿ ಒಣಗಿ, ಸ್ಪಿರಿಟ್‌ನಿಂದ ಒರೆಸಿರಬೇಕು. ಆಮೇಲೆ ಕಾಯುವುದು: ಕಡಿಮೆಯೆಂದರೆ ಎರಡು ದಿನ, ದಪ್ಪ ಹಚ್ಚಿದ್ದರೆ ಮೂರು ದಿನಕ್ಕೂ ಹೆಚ್ಚು, ವಿನೆಗರಿನಂಥ ಹುಳಿವಾಸನೆ ಪೂರ್ತಿ ಹೋಗುವ ತನಕ. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಕೊಂಡು. ಹಾಗಾಗಿ ಧಾರವಾಡದ ಜಿಟಿಜಿಟಿ ಮಳೆಯ ಜುಲೈಗಿಂತ ಮಾರ್ಚ್-ಏಪ್ರಿಲ್ ತಿಂಗಳ ಒಣ ಬಿಸಿಲಿನಲ್ಲಿ ಅದು ನಿಧಾನವಾಗಿ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಒಂದು ದಿನ ಹೆಚ್ಚು ಕೊಡಿ. ಮೂರು ದಿನ ಮೀನುಗಳನ್ನು ಬ್ಯಾರಲಿನಲ್ಲಿ ಇಡಲು ಅನುಕೂಲವಿಲ್ಲದವರು ಈ ದಾರಿಗೆ ಹೋಗಬಾರದು.

ಎಪಾಕ್ಸಿ ಪುಟ್ಟಿ, ಅಂದರೆ ನಾವೆಲ್ಲ ಎಂ-ಸೀಲ್ ಎನ್ನುವ ಬಗೆ

ಮೇಲೆ ನನ್ನ ಅನುಭವ ಹೇಳಿದ್ದೇನೆ. ತಪ್ಪು ಪುಟ್ಟಿಯದಲ್ಲ, ಒದ್ದೆ ಮೈಗೆ ಹೊರಗಿನಿಂದ ಮೆತ್ತಿದ್ದು ನನ್ನದು. ಇದಕ್ಕೂ ತಕ್ಕ ಜಾಗವಿದೆ. ಪೈಪಿನಲ್ಲೋ ಎಲ್ಬೋದಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದು, ರಾತ್ರಿ ಅಂಗಡಿ ಮುಚ್ಚಿದ್ದು, ಮೋಟರ್ ನಿಲ್ಲಿಸಿದರೆ ಆ ಪೈಪಿಗೆ ನೀರು ಬರುವುದು ನಿಲ್ಲುವಂತಿದ್ದರೆ, ಒಣಗಿಸಿ, ಮರಳು ಕಾಗದದಿಂದ ಉಜ್ಜಿ, ಪುಟ್ಟಿ ಮೆತ್ತಿ ಒಂದು ವಾರ ದೂಡಬಹುದು. ಬಿಚ್ಚುವ ನಟ್ಟು, ಯೂನಿಯನ್ (ಕತ್ತರಿಸದೆ ಬಿಚ್ಚಿ ಕೂಡಿಸಬಹುದಾದ ಪೈಪಿನ ಜೋಡಣೆ) ಇವುಗಳ ಮೇಲೆ ಎಂದೂ ಮೆತ್ತಬೇಡಿ.

ಪೈಪು ಕತ್ತರಿಸಿ ಹೊಸ ಸಲ್ಯೂಷನ್ ಜಾಯಿಂಟ್

ಸಲ್ಯೂಷನ್ ಹಾಕಿದ ಕೂಡಿಕೆ ಸೋರಿದರೆ ಅದನ್ನು ಬಿಡಿಸಲಾಗದು, ಮೇಲಿನಿಂದ ಸಲ್ಯೂಷನ್ ಬಳಿದರೂ ಒಳಗೆ ಇಳಿಯದು. ಕತ್ತರಿಸಿ ಹೊಸದು ಹಾಕಬೇಕು. ಅಂಗಡಿಗೆ ಹೋಗುವಾಗ ಕತ್ತರಿಸಿದ ತುಂಡನ್ನು ಕೈಯಲ್ಲೇ ಒಯ್ಯಿರಿ. ಹಳದಿ ಛಾಯೆಯ ಸಿಪಿವಿಸಿಗೂ ಬಿಳಿ ಅಥವಾ ಬೂದು ಬಣ್ಣದ ಪಿವಿಸಿಗೂ ಸಲ್ಯೂಷನ್ ಬೇರೆ, ಎರಡೂ ಅರ್ಧ ಇಂಚು ಎಂದು ಬರೆದಿದ್ದರೂ ಒಂದರೊಳಗೆ ಇನ್ನೊಂದು ಕೂರುವುದಿಲ್ಲ. ಮೊದಲು ಸಲ್ಯೂಷನ್ ಹಚ್ಚದೆಯೇ ಜೋಡಿಸಿ ನೋಡಿ, ಗುರುತು ಹಾಕಿ, ಎರಡೂ ಮೈಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒತ್ತಿ, ಅರ್ಧ ನಿಮಿಷ ಅಲುಗಾಡದಂತೆ ಹಿಡಿಯಿರಿ. ನಾನು ಒಂದು ದಿನ ಬಿಟ್ಟು, ನೀರು ಹರಿಸಿ ಆ ನೀರನ್ನು ಚೆಲ್ಲಿ, ಆಮೇಲೆ ಮೀನಿನ ನೀರು ಬಿಡುತ್ತೇನೆ. ಸಲ್ಯೂಷನ್ ಬಳಿಯುವಾಗ ಕಿಟಕಿ ತೆರೆದಿರಲಿ. ಅದೇ ಕೋಣೆಯ ಏರ್ ಪಂಪ್ ಆ ಹೊಗೆಯನ್ನು ಹೀರಿ ನೇರ ನೀರಿಗೆ ಬಿಡುತ್ತದೆ, ಅದನ್ನು ಬೇರೆ ಕೋಣೆಗೆ ಒಯ್ಯಿರಿ. ಹೇಗೂ ಕತ್ತರಿಸಿದ್ದೀರಿ, ಒಂದು ಯೂನಿಯನ್ ಸೇರಿಸಿಬಿಡಿ, ಮುಂದಿನ ಸಲ ಗರಗಸ ಬೇಕಾಗದು.

ಹೋಸ್ ಸೋರಿದರೆ ಹೆಚ್ಚು ಯೋಚನೆ ಬೇಡ. ಗಟ್ಟಿಯಾದ ತುದಿಯನ್ನು ಒಂದು ಇಂಚು ಕತ್ತರಿಸಿ, ಹೊಸ ತುದಿಯನ್ನು ಬಿಸಿನೀರಲ್ಲಿ ಅದ್ದಿ ತೂರಿಸಿ ಕ್ಲಿಪ್ ಹಾಕಿ.

ತೂತನ್ನೇ ಬಿಟ್ಟುಬಿಡುವುದು

ಗಾಜಿನ ಅಂಚಿನಲ್ಲಿ ಬಿರುಕು ಕಂಡರೆ, ಇಲ್ಲವೇ ಮೂರು ಸಲ ಸರಿಮಾಡಿದರೂ ಮತ್ತೆ ಸೋರಿದರೆ, ತೂತಿನ ಸಹವಾಸ ಬಿಡುವುದೂ ಒಂದು ಆಯ್ಕೆ. ಗಾಜೂ ವಾಷರೂ ಚೆನ್ನಾಗಿದ್ದರೆ ನಿಪ್ಪಲ್ಲನ್ನು ಹಾಗೇ ಇಟ್ಟು ಅದರ ಬಾಯಿಗೆ ಟೇಪ್ ಸುತ್ತಿದ ಪ್ಲಗ್ ಹಾಕಿದರೆ ಸಾಕು. ತೂತಿನ ಸುತ್ತ ಚಕ್ಕೆ ಎದ್ದಿದ್ದರೆ ಎಲ್ಲ ಕಡೆ ಎರಡು ಇಂಚು ಹೆಚ್ಚಿರುವ ಗಾಜಿನ ತುಂಡನ್ನು ಒಳಗಿನಿಂದ ಸಿಲಿಕೋನ್ ಹಾಕಿ ಅಂಟಿಸಬೇಕು. ತೂತಿನಿಂದ ಗಾಜಿನುದ್ದಕ್ಕೂ ಸೀಳು ಹೋಗಿದ್ದರೆ ಆ ಗಾಜನ್ನೇ ಬದಲಿಸಬೇಕು, ಅಂಟಿಸಿ ನಂಬಬೇಡಿ. ಮುಚ್ಚಿದ ಮೇಲೆ ಅಂಚಿಗೆ ತೂಗುಹಾಕುವ ಫಿಲ್ಟರ್ ಅಥವಾ ಅಂಚಿನ ಮೇಲಿನಿಂದ ಹೋಸ್ ಹಾಯುವ ಕ್ಯಾನಿಸ್ಟರ್ ಫಿಲ್ಟರ್ ಹಾಕಿಕೊಳ್ಳಬಹುದು. ಕ್ಯಾನಿಸ್ಟರಿಗೆ ಕೆಲವು ಸಾವಿರ ರೂಪಾಯಿ ಬೇಕು, ಅದರ ಮುಚ್ಚಳದ ರಬ್ಬರನ್ನೂ ಆಗಾಗ ನೋಡಿಕೊಳ್ಳಬೇಕು.

ಯಾರಿಗೆ ಯಾವುದು

ಹಾವೇರಿಯಲ್ಲಿರುವ ನನ್ನ ಅಕ್ಕನ ಮನೆಯದು ಎರಡು ಅಡಿಯ, ಗಪ್ಪಿ ಮೀನುಗಳ ಅಕ್ವೇರಿಯಂ, ಸೋರುತ್ತಿದ್ದುದು ವಾಲ್ವಿನ ಥ್ರೆಡ್ಡು. ಟೇಪಿನಿಂದ ಮುಗಿಯಿತು, ಅದಕ್ಕಿಂತ ಹೆಚ್ಚು ಖರ್ಚು ಮಾಡಿಸಿದ್ದರೆ ಅನ್ಯಾಯ. ಗದಗಿನಲ್ಲಿರುವ ಭಾವನವರದು ಬೋರ್ ನೀರಿನ ಮನೆ. ಅಲ್ಲಿ ವಾಷರ್ ಗಟ್ಟಿಯಾಗಿ, ಅಂಚೆಲ್ಲ ಉಪ್ಪು ಕಟ್ಟಿತ್ತು. ನಿಪ್ಪಲ್ಲನ್ನೇ ಬದಲಿಸಿ ಎಂದೆ, ಉಪ್ಪು ತಿಂದ ಥ್ರೆಡ್ಡನ್ನು ಉಜ್ಜುತ್ತ ಕೂರುವುದಕ್ಕಿಂತ ಅದು ಲೇಸು. ಬಾಡಿಗೆ ಮನೆಯಲ್ಲಿದ್ದು ವರ್ಷದೊಳಗೆ ಮನೆ ಬದಲಿಸುವವರು ಏನೇ ಮಾಡಿದರೂ ಬಿಚ್ಚಲು ಬರುವಂತೆ ಮಾಡಿ. ಚಿಕ್ಕ ಮಕ್ಕಳಿರುವ, ಹಗಲೆಲ್ಲ ಮನೆಗೆ ಬೀಗ ಬೀಳುವ ಕುಟುಂಬಕ್ಕೆ, ತೂತು ತಳದ ಹತ್ತಿರವಿದ್ದರೆ, ತೂತಿಗೆ ಪ್ಲಗ್ ಹಾಕಿ, ತೂಗುಹಾಕುವ ಫಿಲ್ಟರ್ ಬಳಸಿ ಎನ್ನುತ್ತೇನೆ. ನೀರು ಹರಿಯುವ ಸದ್ದು ಕಡಿಮೆಯಾಗುತ್ತದೆ, ನೆಲ ಒಣಗಿರುತ್ತದೆ.

ನೀರು ಇಳಿಸಲೇಬೇಕಾದವರಿಗೆ: ಮೊದಲು ಹೀಟರ್ ಆರಿಸಿ ಕಾಲು ಗಂಟೆ ತಣಿಯಲು ಬಿಡಿ, ಬಿಸಿ ಹೀಟರ್ ನೀರಿನಿಂದ ಹೊರಬಂದರೆ ಅದರ ಗಾಜು ಒಡೆಯುತ್ತದೆ. ಸೋಪು ತಾಗದ ಬ್ಯಾರಲ್, ಕೊಡಗಳಲ್ಲಿ ಹಳೆಯ ನೀರನ್ನೇ ತುಂಬಿಟ್ಟುಕೊಳ್ಳಿ. ಅದು ಮೀನಿಗೆ ರೂಢಿಯಾದ ನೀರು, ನಳ ಬರುವ ತನಕ ಕಾಯುವ ಅಗತ್ಯವೂ ಇಲ್ಲ. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ತೊಳೆಯಬೇಡಿ, ಒಣಗಲೂ ಬಿಡಬೇಡಿ. ಅದೇ ಬ್ಯಾರಲಿನಲ್ಲಿ ಮುಳುಗಿಸಿ ಏರ್ ಪಂಪಿನ ಕಲ್ಲು ಬಿಡಿ, ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ.

ಮತ್ತೆ ತುಂಬುವಾಗ ಫಿಟಿಂಗ್ ಮುಳುಗುವಷ್ಟು ಮಾತ್ರ ತುಂಬಿ ಒಂದು ಗಂಟೆ ನಿಲ್ಲಿಸಿ ನೋಡಿ, ಆಮೇಲೆ ಪೂರ್ತಿ ತುಂಬಿ, ಆಮೇಲೆ ಮೋಟರ್ ಹಚ್ಚಿ. ಕೆಳಗೆ ಒಣ ದಿನಪತ್ರಿಕೆಯ ಒಂದು ಹಾಳೆ ಹಾಸಿ ಎಂಟು ದಿನ ಹಾಗೇ ಇರಲಿ. ದಿನಾ ಬೆಳಗ್ಗೆ ಮೀನಿಗೆ ಆಹಾರ ಹಾಕುವಾಗ ಅದರ ಮೇಲೆ ಅಂಗೈ ಆಡಿಸಿ ನೋಡಿ. ಎಂಟನೆಯ ದಿನವೂ ಹಾಳೆ ಗರಿಗರಿಯಾಗಿದ್ದರೆ ತೆಗೆದುಹಾಕಿ.